ಸಾಕೆಂಬುದರ ಅಳತೆ

ಇನ್ನೊಬ್ಬರ ಬಳಿ ಇರುವುದು ತನ್ನ ಬಳಿ ಇಲ್ಲವಲ್ಲ ಎಂಬ ಸಂಕಟವೇ ಹೊಟ್ಟೆಕಿಚ್ಚು. ಶಾಸ್ತ್ರಗಳು ಅದನ್ನು ಮತ್ಸರವೆಂದು ಕರೆದು ಅರಿಷಡ್ವರ್ಗದ ಕೊನೆಯಲ್ಲಿ ಇಟ್ಟಿವೆ. ಲೋಭಕ್ಕಿಂತ ಇದು ಬೇರೆ. ಲೋಭಿಗೆ ವಸ್ತು ಬೇಕು; ಅದು ಈಗ ಯಾರ ಬಳಿ ಇದೆ ಎಂಬುದು ಅವನಿಗೆ ಮುಖ್ಯವಾಗುವುದಿಲ್ಲ. ಮತ್ಸರಿಯನ್ನು ಕಾಡುವುದು ಆ ವಸ್ತು ಪಕ್ಕದವನ ಕೈಯಲ್ಲಿದೆ ಎಂಬ ಸಂಗತಿಯೇ. ತನಗೆ ದಕ್ಕದಿದ್ದರೂ ಸರಿ, ಅವನಿಂದ ಕೈತಪ್ಪಿದರೆ ಸಾಕು ಎನ್ನುವ ಮಟ್ಟಕ್ಕೂ ಅದು ಇಳಿಯಬಲ್ಲದು. ಕಾಮ, ಲೋಭ, ಮದಗಳಲ್ಲಿ ಕ್ಷಣಹೊತ್ತಿನ ಸುಖವಾದರೂ ಉಂಟು. ಮತ್ಸರದಲ್ಲಿ ಅದೂ ಇಲ್ಲ, ಇದ್ದಷ್ಟು ಹೊತ್ತೂ ನೋವೇ.

ಈ ನೋವು ಎಲ್ಲರ ಸಿರಿಯನ್ನು ಕಂಡಾಗಲೂ ಹುಟ್ಟುವುದಿಲ್ಲ. ಗ್ರೀಸಿನ ಅರಿಸ್ಟಾಟಲ್ ಭಾಷಣಶಾಸ್ತ್ರದ ಮೇಲೆ ಬರೆದ ಗ್ರಂಥದಲ್ಲಿ ಇದನ್ನು ಬಹಳ ಸೂಕ್ಷ್ಮವಾಗಿ ಗಮನಿಸಿದ್ದಾನೆ. ಹುಟ್ಟು, ವಯಸ್ಸು, ಬಂಧುತ್ವ, ಅಂತಸ್ತುಗಳಲ್ಲಿ ತಮಗೆ ಸಮೀಪದವರನ್ನು ಕಂಡೇ ಜನ ಕರುಬುತ್ತಾರೆ, ಬಹುದೂರದವರನ್ನು ಕಂಡಲ್ಲ ಎಂಬುದು ಅವನ ಮಾತಿನ ಸಾರ. ಇನ್ನೊಬ್ಬರ ಏಳಿಗೆ ನೋಡಿ ತಾನೂ ಹಾಗೆ ಏರಬೇಕೆಂದು ಮೈಮುರಿದು ದುಡಿಯುವ ಛಲವನ್ನು ಅವನು ಮತ್ಸರದಿಂದ ಬೇರ್ಪಡಿಸಿ, ಅದನ್ನು ಒಳ್ಳೆಯವರ ಗುಣವೆಂದ. ಭಿಕ್ಷುಕರು ಕೋಟ್ಯಧಿಪತಿಗಳನ್ನು ನೋಡಿ ಕರುಬುವುದಿಲ್ಲ, ತಮಗಿಂತ ಹೆಚ್ಚು ಗಿಟ್ಟಿಸುವ ಇನ್ನೊಬ್ಬ ಭಿಕ್ಷುಕನನ್ನು ನೋಡಿ ಕರುಬುತ್ತಾರೆ ಎಂದು ಬರ್ಟ್ರಂಡ್ ರಸೆಲ್ 1930ರಲ್ಲಿ ಬರೆದದ್ದೂ ಇದೇ ಅರ್ಥದಲ್ಲಿ.

ಸಮೀಪದವರ ಮತ್ಸರಕ್ಕೆ ಮಹಾಭಾರತದ ಸಭಾಪರ್ವಕ್ಕಿಂತ ದೊಡ್ಡ ನಿದರ್ಶನವಿಲ್ಲ. ಪಾಂಡವರ ರಾಜಸೂಯ ಯಾಗ ನೋಡಿಕೊಂಡು ಇಂದ್ರಪ್ರಸ್ಥದಿಂದ ಮರಳಿದ ದುರ್ಯೋಧನ ಬಿಳಿಚಿಕೊಂಡಿದ್ದಾನೆ, ಸೊರಗಿದ್ದಾನೆ. ಧೃತರಾಷ್ಟ್ರನಿಗೆ ಅದು ಅರ್ಥವಾಗುವುದಿಲ್ಲ. ಒಳ್ಳೆಯ ಊಟವಿದೆ, ಉಡುಗೆಯಿದೆ, ಕುದುರೆಗಳಿವೆ, ಮತ್ತೇನು ಕೊರತೆ ಎಂದು ತಂದೆ ಕೇಳುತ್ತಾನೆ. ಕೊರತೆ ಹಸ್ತಿನಾಪುರದಲ್ಲಿ ಇರಲೇ ಇಲ್ಲ. ದಾಯಾದಿಗಳ ಅಂಗಳದಲ್ಲಿ ರಾಶಿಬಿದ್ದ ಕಪ್ಪಕಾಣಿಕೆಗಳನ್ನು ನೋಡಿದ ಕಣ್ಣಿನಲ್ಲಿತ್ತು. ದುರ್ಯೋಧನ ತನ್ನ ಸಂಕಟವನ್ನು ಸಮರ್ಥಿಸಿಕೊಳ್ಳುವ ರೀತಿಯಂತೂ ಇಂದಿಗೂ ಹೊಸದಾಗಿಯೇ ಕೇಳಿಸುತ್ತದೆ. ಅತೃಪ್ತಿಯೇ ಸಂಪತ್ತಿನ ಬೇರು, ತೃಪ್ತನಾದವನ ಸಿರಿ ಕರಗುತ್ತದೆ ಎಂದು ಅವನು ವಾದಿಸುತ್ತಾನೆ. ಅದೇ ಗ್ರಂಥದ ವನಪರ್ವದಲ್ಲಿ, ಕಾಡುಪಾಲಾದ ಧರ್ಮರಾಯ ಯಕ್ಷನ ಪ್ರಶ್ನೆಗೆ ಉತ್ತರಿಸುತ್ತ ಸುಖಗಳಲ್ಲೆಲ್ಲ ತೃಪ್ತಿಯೇ ಮೇಲೆಂದು ಹೇಳುತ್ತಾನೆ. ಎಲ್ಲ ಇದ್ದವನು ಅತೃಪ್ತಿಯನ್ನೂ ಎಲ್ಲ ಕಳೆದುಕೊಂಡವನು ತೃಪ್ತಿಯನ್ನೂ ಎತ್ತಿಹಿಡಿಯುವಂತೆ ಮಹಾಕವಿ ಈ ಎರಡು ಮಾತುಗಳನ್ನು ಹಂಚಿದ್ದಾನೆ. ಮುಂದೆ ಬಂದ ಚರ್ಚೆಗಳೆಲ್ಲ ಈ ಎರಡರ ನಡುವೆಯೇ ಸುಳಿದಾಡಿವೆ.

ಮನಸ್ಸು ತನ್ನನ್ನು ತಾನು ಹೇಗೆ ಅಳೆದುಕೊಳ್ಳುತ್ತದೆ ಎಂಬುದನ್ನು ಇಪ್ಪತ್ತನೆಯ ಶತಮಾನದ ಸಂಶೋಧಕರು ಪ್ರಯೋಗಕ್ಕೆ ಒಡ್ಡಿದರು. ನೇರವಾದ ಅಳತೆಗೋಲು ಇಲ್ಲದ ಕಡೆ ಮನುಷ್ಯ ತನ್ನಂಥವರನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ ಎಂಬ ಸಿದ್ಧಾಂತವನ್ನು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಮಂಡಿಸಿದ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ನಡೆದು 1998ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಎರಡು ಲೋಕಗಳನ್ನು ಮುಂದಿಟ್ಟು ಆಯ್ಕೆ ಕೇಳಿತು. ಒಂದರಲ್ಲಿ ತನಗೆ ವರ್ಷಕ್ಕೆ 50,000 ಡಾಲರ್, ಉಳಿದವರಿಗೆ 25,000. ಇನ್ನೊಂದರಲ್ಲಿ ತನಗೆ 1,00,000, ಉಳಿದವರಿಗೆ 2,00,000. ವಸ್ತುಗಳ ಬೆಲೆ ಎರಡರಲ್ಲೂ ಒಂದೇ. ಉತ್ತರಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲನೆಯದನ್ನೇ ಆರಿಸಿಕೊಂಡರು. ಉಳಿದವರಿಗಿಂತ ಮೇಲಿರುವುದಕ್ಕಾಗಿ ತಮ್ಮ ಅರ್ಧ ಆದಾಯವನ್ನು ಬಿಟ್ಟುಕೊಡಲು ಅವರು ಸಿದ್ಧರಿದ್ದರು.

ಇದು ಕಾಗದದ ಮೇಲಿನ ಆಯ್ಕೆ. ನಿಜ ಬದುಕಿನಲ್ಲಿ ಹೋಲಿಕೆ ಎಷ್ಟು ದೂರ ಒಯ್ಯುತ್ತದೆ ಎಂಬುದನ್ನು ಲಾಟರಿಗಳು ತೋರಿಸಿಕೊಟ್ಟವು. ನೆದರ್‌ಲ್ಯಾಂಡ್ಸ್‌ನಲ್ಲಿ ಬಹುಮಾನ ಒಂದು ಪಿನ್‌ಕೋಡಿಗೆ ಬರುವ ಲಾಟರಿಯಿದೆ. ಅಲ್ಲಿ ಪಿನ್‌ಕೋಡ್ ಎಂದರೆ ಸುಮಾರು 20 ಮನೆಗಳ ಒಂದು ಓಣಿ. ಚೀಟಿ ಕೊಂಡವರಿಗೆ ಹಣದ ಜೊತೆ ಹೊಸ ಬಿಎಂಡಬ್ಲ್ಯು ಕಾರೂ ಸಿಗುತ್ತಿತ್ತು. ಚೀಟಿ ಕೊಳ್ಳದ ಪಕ್ಕದ ಮನೆಯವರಿಗೆ ಏನೂ ಇಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗೆದ್ದವರ ಪಕ್ಕದ ಮನೆಯ ಈ ಜನರೇ ಆಮೇಲೆ ಹೊಸ ಕಾರು ಕೊಳ್ಳುವುದು ಹೆಚ್ಚಾಯಿತು. ಅವರ ಸಂಬಳ ಒಂದು ಪೈಸೆಯೂ ಏರಿರಲಿಲ್ಲ. ಕೆನಡಾದ ಅಧ್ಯಯನದ ಫಲಿತಾಂಶ ಇನ್ನೂ ಕಠೋರ. ಓಣಿಯಲ್ಲಿ ಯಾರಿಗೋ ಬಂದ ಲಾಟರಿಯ ಮೊತ್ತ ದೊಡ್ಡದಾದಷ್ಟೂ ನೆರೆಹೊರೆಯಲ್ಲಿ ದಿವಾಳಿ ಏಳುವವರ ಸಂಖ್ಯೆ ಏರಿತು. ಹಾಗೆ ದಿವಾಳಿಯಾದವರ ಆಸ್ತಿಪಟ್ಟಿಯಲ್ಲಿ ಮನೆ, ಕಾರುಗಳಂಥ ಕಣ್ಣಿಗೆ ಕಾಣುವ ಸ್ವತ್ತು ಹೆಚ್ಚಿತ್ತು, ಕಾಣದ ಉಳಿತಾಯ ಹೆಚ್ಚಿರಲಿಲ್ಲ. ಸಾಲ ಮಾಡಿದ್ದು ಬದುಕಲಿಕ್ಕಲ್ಲ, ಓಣಿಯಲ್ಲಿ ತಲೆಯೆತ್ತಿ ನಡೆಯಲಿಕ್ಕೆ. ಅಮೆರಿಕದ ಥಾರ್ಸ್ಟೀನ್ ವೆಬ್ಲನ್ 1899ರಲ್ಲೇ ಈ ತೋರಿಕೆಯ ಖರ್ಚಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದ.

ಹೋಲಿಕೆಗೆ ಬೇಕಾದ್ದು ಮಾಹಿತಿ. ಅದು ಸುಲಭವಾಗಿ ಸಿಕ್ಕಾಗ ನೋವೂ ಹೆಚ್ಚುತ್ತದೆ ಎಂಬುದಕ್ಕೆ ಎರಡು ಗಟ್ಟಿ ಸಾಕ್ಷ್ಯಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆಲವು ನೌಕರರಿಗೆ ಸಹೋದ್ಯೋಗಿಗಳ ಸಂಬಳ ನೋಡಬಹುದಾದ ಜಾಲತಾಣವೊಂದರ ಸುಳಿವನ್ನು ಸಂಶೋಧಕರು ಕೊಟ್ಟರು. ತಮ್ಮ ವಿಭಾಗದ ನಡುಮಟ್ಟಕ್ಕಿಂತ ಕಡಿಮೆ ಸಂಬಳದವರ ತೃಪ್ತಿ ಕುಸಿಯಿತು, ಬೇರೆ ಕೆಲಸ ಹುಡುಕುವ ಮನಸ್ಸು ಹೆಚ್ಚಿತು. ಹೆಚ್ಚು ಸಂಬಳದವರ ತೃಪ್ತಿಯೇನೂ ಏರಲಿಲ್ಲ. ಹೋಲಿಕೆ ಒಬ್ಬನಿಂದ ಕಸಿದದ್ದನ್ನು ಇನ್ನೊಬ್ಬನಿಗೆ ಕೊಟ್ಟಿರಲಿಲ್ಲ. ಎರಡನೆಯದು ನಾರ್ವೆಯದು. ಆ ದೇಶದಲ್ಲಿ ಎಲ್ಲರ ತೆರಿಗೆ ದಾಖಲೆ ಬಹುಕಾಲದಿಂದ ಸಾರ್ವಜನಿಕ. ಆದರೆ ಕಚೇರಿಗೆ ಹೋಗಿ ಪುಟ ತಿರುವಬೇಕಿತ್ತು. 2001ರಲ್ಲಿ ಪತ್ರಿಕೆಗಳು ಅದನ್ನು ಅಂತರ್ಜಾಲಕ್ಕೆ ಹಾಕಿದ ಮೇಲೆ ನೆರೆಯವನ ಆದಾಯ ಬೆರಳ ತುದಿಗೆ ಬಂತು. ಆ ಬಳಿಕ ಸಿರಿವಂತರ ಮತ್ತು ಬಡವರ ಸಂತೋಷದ ನಡುವಿನ ಅಂತರ 29 ಪ್ರತಿಶತದಷ್ಟು ಹಿಗ್ಗಿತು. 2014ರಲ್ಲಿ ಯಾರು ಯಾರ ದಾಖಲೆ ನೋಡಿದರು ಎಂಬುದು ನೋಡಿಸಿಕೊಂಡವರಿಗೂ ತಿಳಿಯುವ ವ್ಯವಸ್ಥೆ ಬಂದಾಗ ಇಣುಕುವವರ ಸಂಖ್ಯೆ ಥಟ್ಟನೆ ಇಳಿಯಿತು. ಈಗ ಜಗತ್ತಿನೆಲ್ಲೆಡೆ ಮೊಬೈಲ್ ಪರದೆ ಇದೇ ಕೆಲಸ ಮಾಡುತ್ತಿದೆ. ವ್ಯತ್ಯಾಸವಿಷ್ಟೇ: ತೆರಿಗೆ ದಾಖಲೆ ನಿಜವನ್ನು ತೋರಿಸುತ್ತಿತ್ತು, ಇನ್‌ಸ್ಟಾಗ್ರಾಂ ಆಯ್ದ ಚಿತ್ರಗಳನ್ನು ತೋರಿಸುತ್ತದೆ. ಪ್ರವಾಸದ ಫೋಟೊ ಕಾಣುತ್ತದೆ. ಅದಕ್ಕೆ ಮಾಡಿದ ಸಾಲದ ಕಂತು ಕಾಣುವುದಿಲ್ಲ.

ಬಯಸಿದ್ದು ಸಿಕ್ಕಿಬಿಟ್ಟರೆ ಸಂಕಟ ನೀಗುತ್ತದೆಯೇ? ಯಯಾತಿ ಮಗ ಪೂರುವಿನ ಯೌವನವನ್ನೇ ಪಡೆದು ಭೋಗಿಸಿದರೂ ಆಸೆ ತಣಿಯದೆ ಕೊನೆಗೆ ಅದನ್ನು ಹಿಂದಿರುಗಿಸಿದ ಕಥೆ ಇದಕ್ಕೆ ಹಳೆಯ ಉತ್ತರ. ಹೊಸ ಉತ್ತರವೂ ಬಹುಮಟ್ಟಿಗೆ ಅದೇ. ಲಾಟರಿ ಗೆದ್ದ 22 ಜನರನ್ನು ಸಾಮಾನ್ಯರೊಂದಿಗೆ ಹೋಲಿಸಿದ 1978ರ ಪ್ರಸಿದ್ಧ ಅಧ್ಯಯನದಲ್ಲಿ ಗೆದ್ದವರು ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳೇನೂ ಆಗಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಖುಷಿಗಳು ಅವರಿಗೆ ಸಪ್ಪೆಯಾಗಿದ್ದವು. ಹಾಗೆಂದು ಹಣದಿಂದ ಏನೂ ಆಗದು ಎನ್ನುವುದು ಸುಳ್ಳು. ಒಂದು ಮಿತಿಯ ನಂತರ ಆದಾಯ ಏರಿದರೂ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದು ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಹೇಳಿದ್ದರು. ಹೆಚ್ಚಿನವರ ಮಟ್ಟಿಗೆ ಅದು ಏರುತ್ತಲೇ ಹೋಗುತ್ತದೆ, ಅತ್ಯಂತ ಅಸುಖಿಗಳಾದವರಲ್ಲಿ ಮಾತ್ರ ನಿಲ್ಲುತ್ತದೆ ಎಂದು 2023ರಲ್ಲಿ ಸ್ವತಃ ಕಾನೆಮನ್ ಸಹಲೇಖಕರೊಡನೆ ತಿದ್ದಿ ಬರೆದರು. ಹಣ ನೆಮ್ಮದಿ ಕೊಡಬಲ್ಲದು. ಇನ್ನೊಬ್ಬರ ಹಣವನ್ನು ನೋಡುತ್ತ ಕುಳಿತವನಿಗೆ ತನ್ನ ಹಣ ಕೊಡಬಹುದಾದ ನೆಮ್ಮದಿಯೂ ದಕ್ಕುವುದಿಲ್ಲ.

ಹಳ್ಳಿಯಲ್ಲಿ ಈ ಕಾಟ ಕಡಿಮೆ ಎಂಬ ನಂಬಿಕೆ ನಗರವಾಸಿಗಳಲ್ಲಿ ಉಂಟು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕೃತಿ ಅದನ್ನು ಒಪ್ಪುವುದಿಲ್ಲ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಅಧ್ಯಯನ ನಡೆಸಿ, 1970ರಲ್ಲಿ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದ ಮೇಲೆ ಬಹುಪಾಲು ನೆನಪಿನಿಂದಲೇ ಅವರು ಬರೆದು 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಊರಿನ ಸಂಬಂಧಗಳನ್ನು ವಿವರಿಸುವಾಗ ಸ್ನೇಹ, ವೈರ, ಚಾಡಿಮಾತುಗಳ ಜೊತೆ ಹೊಟ್ಟೆಕಿಚ್ಚಿಗೂ ಪ್ರತ್ಯೇಕ ಜಾಗ ಸಿಕ್ಕಿದೆ. ಮೆಕ್ಸಿಕೊದ ರೈತರ ನಡುವೆ ಕೆಲಸ ಮಾಡಿದ ಜಾರ್ಜ್ ಫಾಸ್ಟರ್ 1965ರಲ್ಲಿ ಒಂದು ಕಾರಣ ಸೂಚಿಸಿದ. ಊರಿನ ಭೂಮಿಯಂತೆ ಒಳಿತೆಲ್ಲವೂ ಇಂತಿಷ್ಟೇ ಎಂದು ಜನ ನಂಬಿದಾಗ ಒಬ್ಬನ ಏಳಿಗೆ ಇನ್ನೊಬ್ಬನ ನಷ್ಟದಂತೆ ತೋರುತ್ತದೆ. ಅಂಥ ಕಡೆ ಏಳಿಗೆ ಕಂಡವನಿಗೂ ಭಯ. ಕರ್ನಾಟಕದಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಬೊಂಬೆ, ಹೊಸಿಲ ಮೇಲೆ ಬೂದುಗುಂಬಳ, ಹೊಸ ಲಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗುವುದು ಈ ಭಯದಿಂದಲೇ. ನೆರೆಯವರ ಕಣ್ಣಿಗೆ ಅಂಜಿ ಸಂತೋಷವನ್ನು ಮುಚ್ಚಿಟ್ಟುಕೊಳ್ಳಬೇಕಾದ ಊರಿನಲ್ಲಿ ನಷ್ಟ ಇಬ್ಬರಿಗೂ ಆಗುತ್ತದೆ.

ಮದ್ದನ್ನು ಹುಡುಕಿದ ಪರಂಪರೆಗಳು ಅನೇಕ. ಈಶಾವಾಸ್ಯ ಉಪನಿಷತ್ತು ತನ್ನ ಮೊದಲ ಮಂತ್ರದಲ್ಲೇ ಪರರ ಧನಕ್ಕೆ ಆಸೆಪಡದಿರುವ ಮಾತಾಡುತ್ತದೆ. ಯೆಹೂದಿ ಮತ್ತು ಕ್ರೈಸ್ತರ ಹತ್ತು ಕಟ್ಟಳೆಗಳಲ್ಲಿ ನೆರೆಯವನ ಸ್ವತ್ತನ್ನು ಬಯಸಬಾರದೆಂಬುದೂ ಒಂದು. ಕುರಾನಿನಲ್ಲೂ ಇದೇ ಬಗೆಯ ಎಚ್ಚರಿಕೆಯಿದೆ. ಪತಂಜಲಿ ಸಂತೋಷವನ್ನು ನಿಯಮಗಳಲ್ಲಿ ಸೇರಿಸಿದ. ಎಂದರೆ ಅದು ತಾನಾಗಿ ಬರುವ ಮನಸ್ಥಿತಿ ಎಂದು ಬಿಡದೆ, ಶೌಚ ಸ್ವಾಧ್ಯಾಯಗಳ ಸಾಲಿನಲ್ಲಿ, ದಿನವೂ ರೂಢಿಸಬೇಕಾದ ಸಾಧನೆಯೆಂದು ಎಣಿಸಿದ. ಅಥೆನ್ಸಿನ ತೋಟದಲ್ಲಿ ಗೆಳೆಯರೊಡನೆ ಸರಳವಾಗಿ ಬಾಳಿದ ಎಪಿಕ್ಯೂರಸ್ ಆಸೆಗಳನ್ನು ಸಹಜವೂ ಅಗತ್ಯವೂ ಆದವು, ಸಹಜವಾದರೂ ಅಗತ್ಯವಲ್ಲದವು, ಎರಡೂ ಅಲ್ಲದವು ಎಂದು ವಿಂಗಡಿಸಿದ. ಬೌದ್ಧರು ಹೇಳುವ ಮುದಿತೆ, ಎಂದರೆ ಇನ್ನೊಬ್ಬರ ಸುಖ ಕಂಡು ಸಂತೋಷಪಡುವ ಅಭ್ಯಾಸ, ಮತ್ಸರಕ್ಕೆ ನೇರವಾದ ಪ್ರತಿಮದ್ದು. ಯೋಗಸೂತ್ರದಲ್ಲೂ ಅದು ಕಾಣಿಸಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ವ್ಯಾವಹಾರಿಕವಾದ ದಾರಿಯನ್ನು ಜೈನರು ಕಂಡುಕೊಂಡರು. ಮುನಿಗಳಿಗೆ ಅಪರಿಗ್ರಹ ಪೂರ್ಣವ್ರತ. ಗೃಹಸ್ಥರಿಗೆ ಅದು ಪರಿಗ್ರಹ ಪರಿಮಾಣ. ಹೊಲ ಮನೆ ಇಷ್ಟು, ಬೆಳ್ಳಿ ಬಂಗಾರ ಇಷ್ಟು, ದನ ಧಾನ್ಯ ಇಷ್ಟು, ಪಾತ್ರೆ ಪಗಡ ಇಷ್ಟು ಎಂದು ಶ್ರಾವಕನು ತಾನೇ ಮೇರೆ ಹಾಕಿಕೊಳ್ಳುತ್ತಾನೆ. ಈ ವ್ರತದ ಬೆಲೆ ಇರುವುದು ಅದರ ಸಮಯದಲ್ಲಿ. ಆಸೆ ಕೆರಳಿಸುವ ವಸ್ತು ಕಣ್ಣೆದುರು ಬರುವ ಮೊದಲೇ, ತಣ್ಣನೆಯ ಮನಸ್ಸಿನಲ್ಲಿ ಸಾಕೆಂಬುದರ ಅಳತೆ ನಿಗದಿಯಾಗಿರುತ್ತದೆ. ನೆರೆಯವನು ಏನು ಕೊಂಡರೂ ಆ ಅಳತೆ ಬದಲಾಗುವುದಿಲ್ಲ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಬಾಹುಬಲಿ, ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯ ಬಿಟ್ಟವನು. ಸೋತವನ ವೈರಾಗ್ಯ ಅದಾಗಿರಲಿಲ್ಲ ಎಂಬುದೇ ಆ ಮೂರ್ತಿಯ ಮಹತ್ವ.

ಹನ್ನೆರಡನೆಯ ಶತಮಾನದ ಶರಣರು ಈ ಅಳತೆಯನ್ನು ದುಡಿಮೆಗೆ ಕಟ್ಟಿದರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಬಂದ ದಂಪತಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಿನದನ್ನು ಮೊದಲಿದ್ದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಆ ಮನೆ ಸಿರಿವಂತರದಾಗಿದ್ದರೆ ಇದು ಸಾಧಾರಣ ಕಥೆಯಾಗುತ್ತಿತ್ತು. ನಾಳೆಯ ಹಿಟ್ಟಿಗೂ ಖಾತ್ರಿಯಿಲ್ಲದ ಹೆಂಗಸೊಬ್ಬಳು, ತನ್ನ ದುಡಿಮೆಗೆ ಮತ್ತು ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದದ್ದು ತನ್ನದಲ್ಲ ಎಂದು ಗೆರೆ ಎಳೆದಳು. ಬಡತನವನ್ನು ಅವಳು ಹಾಡಿಹೊಗಳಲಿಲ್ಲ. ದುಡಿಮೆಯ ಘನತೆಯನ್ನು ಕಾಪಾಡಿಕೊಂಡಳು, ಹಂಚಿ ಉಣ್ಣುವುದನ್ನೂ ಬಿಡಲಿಲ್ಲ. ತೃಪ್ತಿಯ ಬಗ್ಗೆ ಕನ್ನಡ ನಾಡು ಜಗತ್ತಿಗೆ ಹೇಳಬಹುದಾದ ಅತ್ಯುತ್ತಮ ಪ್ರಸಂಗ ಇದು. ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು ಲೇವಾದೇವಿಯನ್ನೂ ಗಂಟನ್ನೂ ತೊರೆದ ಶ್ರೀನಿವಾಸ ನಾಯಕ ಪುರಂದರದಾಸನಾದ ಕಥೆ ಇದಕ್ಕಿಂತ ಪ್ರಸಿದ್ಧ. ಆದರೆ ಅದು ಎಲ್ಲವನ್ನೂ ಬಿಟ್ಟವನ ಕಥೆ. ಸಂಸಾರದಲ್ಲೇ ಇದ್ದು ಗೆರೆ ಎಳೆದುಕೊಳ್ಳುವವರಿಗೆ ಲಕ್ಕಮ್ಮನೇ ಹತ್ತಿರ.

ತೃಪ್ತಿಯ ಬೋಧನೆಗೆ ಒಂದು ಕರಾಳ ಮುಖವಿದೆ, ಅದನ್ನು ಮುಚ್ಚಿಟ್ಟು ಈ ವಿಷಯವನ್ನು ಚರ್ಚಿಸುವುದು ಅಪ್ರಾಮಾಣಿಕ. ಉಳ್ಳವರು ಇಲ್ಲದವರಿಗೆ ಇದ್ದುದರಲ್ಲೇ ತೃಪ್ತಿಪಡಿ ಎಂದು ಹೇಳಿದಾಗ ಅದು ಉಪದೇಶವಾಗಿ ಉಳಿಯುವುದಿಲ್ಲ, ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ. ಅಮರ್ತ್ಯ ಸೇನ್ ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ಬಹುಕಾಲ ವಂಚಿತರಾದ ಭೂಹೀನ ಕೂಲಿಗಳು, ದಮನಕ್ಕೊಳಗಾದ ಗೃಹಿಣಿಯರು ಬದುಕಿ ಉಳಿಯಲಿಕ್ಕಾಗಿ ತಮ್ಮ ಆಸೆಗಳನ್ನೇ ಕುಗ್ಗಿಸಿಕೊಂಡಿರುತ್ತಾರೆ. ಸಣ್ಣ ದಯೆಗೂ ಅವರು ಸಂತೋಷಪಡುತ್ತಾರೆ. ಆ ಸಂತೋಷವನ್ನು ಮುಂದಿಟ್ಟು ಅವರಿಗೆ ಅನ್ಯಾಯವಾಗಿಲ್ಲ ಎನ್ನಲಾಗದು. ವಿಷಮತೆ ಆತ್ಮಗೌರವವನ್ನೇ ಗಾಯಗೊಳಿಸುವಷ್ಟು ಬೆಳೆದಾಗ ಹುಟ್ಟುವ ಅಸೂಯೆ ಕ್ಷಮ್ಯವೆಂದು ಜಾನ್ ರಾಲ್ಸ್ 1971ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಮತ್ಸರಕ್ಕೂ ನ್ಯಾಯದ ಬೇಡಿಕೆಗೂ ಇರುವ ವ್ಯತ್ಯಾಸ ಕರ್ನಾಟಕದಲ್ಲಿ ನಿಚ್ಚಳವಾಗಿ ಕಾಣುವುದು ಕಾಗೋಡಿನಲ್ಲಿ. 1951ರಲ್ಲಿ ಸಾಗರ ತಾಲೂಕಿನ ಆ ಊರಿನ ಗೇಣಿದಾರರು ಎದ್ದುನಿಂತಾಗ ಜಗಳದ ಕೇಂದ್ರದಲ್ಲಿದ್ದುದು ಒಡೆಯರು ಗೇಣಿಯ ಭತ್ತ ಅಳೆದುಕೊಳ್ಳುತ್ತಿದ್ದ ಕೊಳಗ. ಅಳತೆ ನ್ಯಾಯವಾಗಿರಲಿ ಎಂದು ಅವರು ಕೇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಒಡೆಯರ ಸಿರಿ ನೋಡಿ ಗೇಣಿದಾರರಿಗೆ ಹೊಟ್ಟೆಕಿಚ್ಚು ಎನ್ನುವುದು ಅಂದು ಸುಲಭದ ಮಾತಾಗಿತ್ತು. ಅವರು ಕೇಳಿದ್ದು ಒಡೆಯರದ್ದನ್ನಲ್ಲ, ತಮ್ಮ ಬೆವರಿನ ಪಾಲನ್ನು. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯನ್ನು ಜಾರಿಗೆ ತಂದು ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು. ಲಕ್ಕಮ್ಮನ ಮನೆಯ ಅಕ್ಕಿ, ಕಾಗೋಡಿನ ಭತ್ತ ಎರಡರಲ್ಲೂ ಇರುವುದು ಒಂದೇ ತತ್ವ: ದುಡಿಮೆಗೆ ತಕ್ಕುದು ಬೇಕು, ಅದಕ್ಕಿಂತ ಹೆಚ್ಚು ಬೇಡ, ಕಡಿಮೆಯೂ ಬೇಡ. ಮತ್ಸರ ಇನ್ನೊಬ್ಬನ ಕೆಡುಕನ್ನು ಬಯಸುತ್ತದೆ. ನ್ಯಾಯದ ಬೇಡಿಕೆ ಎಲ್ಲರಿಗೂ ಒಂದೇ ಕೊಳಗವನ್ನು ಕೇಳುತ್ತದೆ.

ಹಕ್ಕಿನ ಪ್ರಶ್ನೆ ಇಲ್ಲದ ಕಡೆ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಮನೆಯಲ್ಲಿ, ಹೋಲಿಕೆಯ ನೋವನ್ನು ಇಳಿಸಿಕೊಳ್ಳಲು ಯಾವುದು ಉಪಯೋಗಕ್ಕೆ ಬರುತ್ತದೆ? ಹೋಲಿಕೆಯ ದಿಕ್ಕು ಬದಲಾದರೂ ಫಲವಿದೆ. 1992ರ ಬಾರ್ಸಿಲೋನ ಒಲಿಂಪಿಕ್ಸ್ ವಿಜೇತರ ಮುಖಭಾವವನ್ನು ಪರಿಶೀಲಿಸಿದ ಮನೋವಿಜ್ಞಾನಿಗಳಿಗೆ ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಸಂತೋಷದಿಂದ ಕಂಡರು. ಬೆಳ್ಳಿಯವನ ಕಣ್ಣು ತಪ್ಪಿಹೋದ ಚಿನ್ನದ ಮೇಲೆ, ಕಂಚಿನವನ ಕಣ್ಣು ಬರಿಗೈಲಿ ಹೋಗಬಹುದಿದ್ದ ಸಾಧ್ಯತೆಯ ಮೇಲೆ ಎಂದು ಅವರು ವಿವರಿಸಿದರು. ಕೃತಜ್ಞತೆ ಹುಟ್ಟಿಸಿದ ಸಂಗತಿಗಳನ್ನು ವಾರಕ್ಕೊಮ್ಮೆ ಬರೆದಿಟ್ಟವರ ಮನಸ್ಸು ಹಗುರಾಯಿತೆಂದು 2003ರ ಅಧ್ಯಯನವೊಂದು ತೋರಿಸಿತು. ಆಮೇಲಿನ ಪರಿಶೀಲನೆಗಳಲ್ಲಿ ಅದರ ಪರಿಣಾಮ ಸಾಧಾರಣವೆಂದೇ ಕಂಡಿದೆ. ಅಮೆರಿಕದಲ್ಲಿ 2018ರ ಚುನಾವಣೆಗೆ ಮುನ್ನ ನಾಲ್ಕು ವಾರ ಫೇಸ್‌ಬುಕ್ ಬಿಟ್ಟಿದ್ದವರ ನೆಮ್ಮದಿಯೂ ಸಣ್ಣ ಪ್ರಮಾಣದಲ್ಲಿ ಹೆಚ್ಚಿತು. ಮತ್ಸರವನ್ನು ಛಲವಾಗಿ ತಿರುಗಿಸುವುದೂ ಸಾಧ್ಯ. ಎದುರಿನವನ ಯಶಸ್ಸು ಅರ್ಹವಾದದ್ದು, ಶ್ರಮಪಟ್ಟರೆ ತನಗೂ ಎಟುಕುವಂಥದ್ದು ಎನಿಸಿದಾಗ ಅದು ವಿದ್ಯಾರ್ಥಿಗಳನ್ನು ಹೆಚ್ಚು ಓದಲು ಪ್ರೇರಿಸುತ್ತದೆ ಎಂದು ಡಚ್ ಸಂಶೋಧಕರು ಕಂಡಿದ್ದಾರೆ.

ಇವೆಲ್ಲ ಒಬ್ಬೊಬ್ಬರೇ ಮಾಡಬಹುದಾದವು, ಅವುಗಳ ಮಿತಿ ಇರುವುದೂ ಅಲ್ಲೇ. ಬಯಲಾಟದ ಪ್ರೇಕ್ಷಕರಲ್ಲಿ ಮುಂದಿನ ಸಾಲಿನವರು ಎದ್ದು ನಿಂತರೆ ಹಿಂದಿನವರೆಲ್ಲ ಏಳಲೇಬೇಕಾಗುತ್ತದೆ. ಕೊನೆಗೆ ಎಲ್ಲರ ಕಾಲೂ ನೋಯುತ್ತದೆ, ಯಾರಿಗೂ ಮೊದಲಿಗಿಂತ ಚೆನ್ನಾಗಿ ಆಟ ಕಾಣುವುದಿಲ್ಲ. ಮದುವೆಯ ಖರ್ಚು ಬೆಳೆದಿರುವುದು ಹೀಗೆಯೇ. ಬೀಗರ ಮುಂದೆ, ಬಳಗದ ಮುಂದೆ ತಲೆತಗ್ಗಿಸಬಾರದೆಂದು ಹೊಲ ಅಡವಿಟ್ಟು ಚಪ್ಪರ ಹಾಕಿಸುವ ತಂದೆಗೆ ಮನಸ್ಸನ್ನು ಗೆಲ್ಲು ಎಂದರೆ ಸಾಲದು. ಅಳತೆಯನ್ನು ನಾಲ್ಕು ಜನ ಸೇರಿ ಬದಲಿಸಿದಾಗ ಮಾತ್ರ ಅವನಿಗೆ ಉಸಿರಾಡಲು ಜಾಗ ಸಿಗುತ್ತದೆ. ಶಾಲೆಯ ಸಮವಸ್ತ್ರ ಮಕ್ಕಳ ನಡುವೆ ಮಾಡುವ ಕೆಲಸ ಅದೇ. ಕುವೆಂಪು ಅವರ ಮಂತ್ರಮಾಂಗಲ್ಯ ಮದುವೆಗೆ ಅದನ್ನೇ ಮಾಡಲು ಹೊರಟಿತು. ವರದಕ್ಷಿಣೆ, ಆಡಂಬರ, ಪುರೋಹಿತಶಾಹಿ ಯಾವುದೂ ಇಲ್ಲದ ಆ ವಿಧಾನದಲ್ಲಿ ಅವರು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ರಾಜೇಶ್ವರಿಯವರೊಡನೆ ನೆರವೇರಿಸಿದರು. ದೊಡ್ಡ ಮದುವೆ ಮಾಡಲು ಶಕ್ತಿಯಿದ್ದ ಮನೆ ಸರಳತೆಯನ್ನು ಆರಿಸಿಕೊಂಡಿತು, ಶಕ್ತಿಯಿಲ್ಲದವರಿಗೆ ಅದರಿಂದ ನಾಚಿಕೆ ಕಳೆಯಿತು. ಧರ್ಮಸ್ಥಳದಲ್ಲಿ 1972ರಲ್ಲಿ ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಉಚಿತ ಸಾಮೂಹಿಕ ವಿವಾಹದಲ್ಲಿ ಇದುವರೆಗೆ ಸಾವಿರಾರು ಜೋಡಿಗಳು ಮದುವೆಯ ಸಾಲವಿಲ್ಲದೆ ಸಂಸಾರ ಹೂಡಿದ್ದಾರೆ.

ಇಂಥ ದಾರಿಗಳನ್ನು ಮೊದಲು ತುಳಿಯಬೇಕಾದವರು ಉಳ್ಳವರು. ಮುಂದಿನ ಸಾಲಿನಲ್ಲಿ ಕುಳಿತವರು ಅವರೇ. ಮಗಳ ಮದುವೆಗೆ ಅರಮನೆ ಮೈದಾನದಲ್ಲಿ ಚಪ್ಪರ ಹಾಕಿಸಬಲ್ಲ ಮನೆಯವರು ಹಾಗೆ ಮಾಡದೆ ಇರುವುದು, ಬಡವನಿಗೆ ತೃಪ್ತಿಯನ್ನು ಕುರಿತು ಮಾಡುವ ನೂರು ಉಪನ್ಯಾಸಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.